ಕೈಗವಸಿನೊಳಗೆ ಒಂದಿರುಳು

ಗುಡುಗಿನ ದೇವತೆಯಾದ ಥಾರನು ತನ್ನ ಸಂಗಡಿಗರೊಡನೆ ದೈತ್ಯರ ನಾಡಿಗೆ ಹೊರಟಿದ್ದನು. ದಿನವೆಲ್ಲ ಕಾಡಿನಲ್ಲಿ ನಡೆದು ಕತ್ತಲಾಗುವ ಹೊತ್ತಿಗೆ ಅವರ ಕಣ್ಣಿಗೆ ಒಂದು ವಿಶಾಲವಾದ ಚಾವಡಿ ಬಿದ್ದಿತು. ಅದರ ಬಾಗಿಲು ಚಾವಡಿಯಷ್ಟೇ ಅಗಲ, ಒಳಗೆ ನರಪಿಳ್ಳೆಯಿಲ್ಲ. ದಣಿದಿದ್ದವರು ಹೆಚ್ಚು ವಿಚಾರಿಸದೆ ಅಲ್ಲಿಯೇ ಮಲಗಿದರು. ನಡುರಾತ್ರಿಯಲ್ಲಿ ನೆಲ ನಡುಗಿತು. ಎಲ್ಲರೂ ಬೆದರಿ ಎದ್ದು, ಕತ್ತಲಲ್ಲಿ ತಡವರಿಸುತ್ತ, ಬಲಗಡೆಯ ಪಕ್ಕದ ಕೋಣೆಯೊಂದನ್ನು ಹೊಕ್ಕರು. ಥಾರನು ಸುತ್ತಿಗೆಯನ್ನು ಹಿಡಿದು ಬಾಗಿಲಲ್ಲಿ ಕುಳಿತನು. ಬೆಳಗಾದ ಮೇಲೆ ಹೊರಬಂದು ನೋಡಿದರೆ, ಸಮೀಪದಲ್ಲಿಯೇ ಬೆಟ್ಟದಂತಹ ಪುರುಷನೊಬ್ಬನು ಮಲಗಿ ಗೊರಕೆ ಹೊಡೆಯುತ್ತಿದ್ದನು. ನೆಲವನ್ನು ನಡುಗಿಸಿದುದು ಆ ಗೊರಕೆ! ಸ್ಕ್ರಿಮಿರ್ ಎಂಬ ಆ ದೈತ್ಯನು ಎಚ್ಚರಗೊಂಡು, ಅತ್ತಿತ್ತ ಹುಡುಕಿ, ತನ್ನ ಕೈಗವಸನ್ನು ಎತ್ತಿಕೊಂಡನು. ಥಾರನ ಪರಿವಾರ ಇರುಳು ಕಳೆದುದು ಆ ಕೈಗವಸಿನಲ್ಲಿ. ಅವರು ಅವಿತುಕೊಂಡ ಪಕ್ಕದ ಕೋಣೆ ಅದರ ಹೆಬ್ಬೆರಳು.

ಐಸ್‌ಲೆಂಡಿನ ಸ್ನೊರ್ರಿ ಸ್ಟುರ್ಲುಸನ್ ಎಂಬ ಪಂಡಿತನು 1220ರ ಸುಮಾರಿನಲ್ಲಿ ಬರೆದಿಟ್ಟ ಕಥೆಯಿದು. ದೈತ್ಯನು ಎಷ್ಟು ಅಡಿ ಎತ್ತರವಿದ್ದನೆಂದು ಅವನು ಹೇಳುವುದಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ಮೊದಲು ಚಾವಡಿಯನ್ನು ತೋರಿಸಿ, ಆಮೇಲೆ ಅದನ್ನು ಕೈಗವಸನ್ನಾಗಿ ಮಾಡಿದ ಆ ಒಂದು ಯುಕ್ತಿಯಿಂದಲೇ ಕೇಳುಗನು ಅಂಗುಷ್ಠಮಾತ್ರನಾಗಿಬಿಡುತ್ತಾನೆ. ಏಳೂವರೆ ಶತಮಾನಗಳ ತರುವಾಯ ಅಮೆರಿಕದಲ್ಲಿ ಹುಟ್ಟಿದ ಒಂದು ಆಟದಲ್ಲಿ ಈ ಉತ್ತರದೇಶದ ದೈತ್ಯರು ಮತ್ತೆ ಎದ್ದು ಬಂದರು. ಬಂದವರು ಅಡಿ, ಅಂಗುಲ, ಅಂಕಗಳ ಪಟ್ಟಿಯೊಡನೆ ಬಂದರು. ಅಲ್ಲಿಂದಲೇ ತೊಡಕು ಮೊದಲಾಯಿತು.

ಊಟದ ಮೇಜಿನ ಮೇಲೆ ಮಹಾರಣ್ಯ

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರಾಗನ್ಸ್'. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಮಿನ್ನೆಸೋಟದ ಡೇವ್ ಆರ್ನೆಸನ್ ಎಂಬಿಬ್ಬರು ಇದರ ಕರ್ತರು. 1974ರಲ್ಲಿ ಮೂರು ಸಣ್ಣ ಪುಸ್ತಕಗಳಾಗಿ ಒಂದು ಪೆಟ್ಟಿಗೆಯಲ್ಲಿ ಇದು ಹೊರಬಿದ್ದಾಗ ಅಚ್ಚಾದ ಪ್ರತಿಗಳು ಒಂದು ಸಾವಿರ ಮಾತ್ರ. ಆಟಗಾರರು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುತ್ತಾರೆ: ಒಬ್ಬ ಖಡ್ಗಧಾರಿ, ಒಬ್ಬ ಮಂತ್ರವಾದಿ, ಇನ್ನೊಬ್ಬ ಕಳ್ಳ. ಒಬ್ಬನು ಮಾತ್ರ ಸೂತ್ರಧಾರ. ಕಾಡು, ಗುಹೆ, ಕೋಟೆ, ಅಲ್ಲಿನ ಜೀವಿಗಳು ಎಲ್ಲವೂ ಅವನ ಬಾಯಿಂದಲೇ ಹುಟ್ಟಬೇಕು. ಆಟಗಾರರು ತಾವು ಮಾಡುವುದನ್ನು ಹೇಳುತ್ತಾರೆ. ಅದು ಸಾಧಿಸಿತೋ ಇಲ್ಲವೋ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಪಗಡೆಯ ದಾಳದಂತಲ್ಲ, ಇದಕ್ಕೆ ಇಪ್ಪತ್ತು ಮುಖ.

ಇದಕ್ಕೂ ಹಿಂದೆ, 1971ರಲ್ಲಿ, ಗೈಗ್ಯಾಕ್ಸ್ ಜೆಫ್ ಪೆರೆನ್ನನೊಡನೆ 'ಚೈನ್‌ಮೇಲ್' ಎಂಬ ಯುದ್ಧದಾಟವನ್ನು ರಚಿಸಿದ್ದನು. ಪುಟ್ಟ ಸೀಸದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಆಡುವ ಆಟವದು. ಅದರ ಕೊನೆಯಲ್ಲಿ ಸೇರಿಸಿದ ಅದ್ಭುತ ಜೀವಿಗಳ ಅಧ್ಯಾಯದಲ್ಲಿ ದೈತ್ಯರಿಗೂ ಸ್ಥಾನವಿದ್ದಿತು. ಆದರೆ ದೈತ್ಯರ ಬೊಂಬೆಗಳು ಆಗ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಮಕ್ಕಳ ಆಟಿಕೆಯ ಡೈನೋಸಾರನ್ನು ಕೊಂಡು ತಂದು, ಬಣ್ಣ ಬಳಿದು, ಗೈಗ್ಯಾಕ್ಸ್ ಅದನ್ನು ಡ್ರಾಗನ್ನಾಗಿ ಮಾಡಿಕೊಂಡನು. ಹಾಂಕಾಂಗಿನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಚೀಲವೊಂದು ಈ ಆಟಕ್ಕೆ ಒಂದೆರಡು ಸುಪ್ರಸಿದ್ಧ ವಿಕಾರಪ್ರಾಣಿಗಳನ್ನೇ ದಾನಮಾಡಿತು. ಹೆಬ್ಬೆರಳುದ್ದದ ಸಿಪಾಯಿಯ ಪಕ್ಕದಲ್ಲಿ ಗೇಣುದ್ದದ ಪ್ಲಾಸ್ಟಿಕ್ ಪ್ರಾಣಿಯನ್ನು ನಿಲ್ಲಿಸಿದಾಗ ನೋಡಿದವರ ಎದೆ ಝಲ್ಲೆಂದುದು ಸಹಜ. ಅಲ್ಲಿ ಅಂಕಿಗಳನ್ನು ಯಾರೂ ಕೇಳಲಿಲ್ಲ.

1977ರಲ್ಲಿ ಜೀವಿಗಳ ದೊಡ್ಡ ಕೋಶವೊಂದು ಹೊರಬಂದಿತು. ಅದರಲ್ಲಿ ದೈತ್ಯರದು ಆರು ಜಾತಿ. ಗುಡ್ಡದ ದೈತ್ಯ ಹತ್ತೂವರೆ ಅಡಿ, ಕಲ್ಲಿನ ದೈತ್ಯ 12, ಹಿಮದವನು 15, ಬೆಂಕಿಯವನು 12, ಮೋಡದವನು 18, ಬಿರುಗಾಳಿಯವನು 21. ಹಿಮದ ದೈತ್ಯ, ಬೆಂಕಿಯ ದೈತ್ಯ ಇಬ್ಬರೂ ಸ್ನೊರ್ರಿಯ ಮನೆತನದವರೇ. ನಮ್ಮ 'ರಾಕ್ಷಸ' ಶಬ್ದವೂ ಆ ಕೋಶದಲ್ಲಿ ಸೇರಿಕೊಂಡಿದೆ. ಆದರೆ ಕುಂಭಕರ್ಣನ ನೆಂಟನನ್ನು ನಿರೀಕ್ಷಿಸಿ ಪುಟ ತಿರುವಿದವರಿಗೆ ಕಾಣುವವನು ಹುಲಿಯ ತಲೆಯ ಮಾಯಾವಿ. ಮನುಷ್ಯಗಾತ್ರದವನು. ಚಿತ್ರದಲ್ಲಿ ಹೊಗೆಕೊಳವೆಯನ್ನು ಹಿಡಿದು ದೊಡ್ಡ ಮನುಷ್ಯರಂತೆ ಆಸೀನನಾಗಿದ್ದಾನೆ!

2014ರಲ್ಲಿ ಆಟದ ಐದನೆಯ ಆವೃತ್ತಿ ಬಂದಿತು. ಆ ವೇಳೆಗೆ ದೈತ್ಯರು ಬೆಳೆದುಬಿಟ್ಟಿದ್ದರು. ಹತ್ತೂವರೆ ಅಡಿಯ ಗುಡ್ಡದವನು 16 ಅಡಿಯಾಗಿದ್ದನು. ಬೆಂಕಿಯವನು 18, ಹಿಮದವನು 21, ಬಿರುಗಾಳಿಯವನು 26. ಐದಡಿಗೆ ಒಂದು ಮನೆಯಂತೆ ಗೆರೆ ಎಳೆದ ಹಾಸಿನ ಮೇಲೆ ಮನುಷ್ಯನಿಗೆ ಒಂದು ಮನೆ ಸಾಕು. ದೈತ್ಯನಿಗೆ ಮೂರಕ್ಕೆ ಮೂರು, ಒಂಬತ್ತು ಮನೆ. ಈ ವೃದ್ಧಿಗೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹತ್ತೂವರೆ ಅಡಿಯವನು ಎಷ್ಟೆಂದರೂ ಗರಡಿಯ ಉಸ್ತಾದನೊಬ್ಬನ ಹಿಗ್ಗಿದ ರೂಪ. ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಭಾವನಂಟ. ಆದರೆ ಐದೂವರೆ ಅಡಿಯನ್ನು ಹೆಚ್ಚಿಸಿದ ಮಾತ್ರಕ್ಕೆ ಭಯ ಹೆಚ್ಚುವುದೇ?

ಹೆಚ್ಚಲಿಲ್ಲವೆಂಬುದು ಅನೇಕ ಮೇಜುಗಳ ಅನುಭವ. ಈ ಆಟದಲ್ಲಿ ಪ್ರತಿಯೊಂದು ಜೀವಿಗೂ ಇಷ್ಟೆಂದು ಪ್ರಾಣಾಂಕಗಳುಂಟು. ಪೆಟ್ಟು ಬಿದ್ದಂತೆ ಅವು ಕಳೆಯುತ್ತ ಬಂದು, ಸೊನ್ನೆಯಾದಾಗ ಜೀವಿ ಉರುಳುತ್ತದೆ. 2014ರ ಗುಡ್ಡದ ದೈತ್ಯನಿಗೆ 105 ಅಂಕಗಳು. ಒಂದೇ ಒಂದು ಅಂಕ ಉಳಿದಿರುವ ತನಕವೂ ಅವನು ಪೂರ್ಣಬಲದಿಂದ ಹೋರಾಡುತ್ತಾನೆ. ಆಟಗಾರರು ಅವನ ಕಾಲ ಬಳಿ ನಿಂತು ಸರದಿಯ ಮೇಲೆ ದಾಳ ಹಾಕುತ್ತಾರೆ. ಹನ್ನೆರಡು ಹೋಯಿತು, ಒಂಬತ್ತು ಹೋಯಿತು ಎಂದು ಕಾಗದದ ಮೇಲೆ ಕಳೆಯುತ್ತಾರೆ. ಅರ್ಧಗಂಟೆಯೊಳಗೆ ದೈತ್ಯನು ಕಿರಾಣಿ ಅಂಗಡಿಯ ಲೆಕ್ಕವಾಗಿಬಿಡುತ್ತಾನೆ.

ದೈತ್ಯನಿಗಿಂತ ಮೊದಲು ಅವನ ಮನೆ

ಪಳಗಿದ ಸೂತ್ರಧಾರನು ಈ ಲೆಕ್ಕವನ್ನು ಬೇರೊಂದು ಕಡೆಗೆ ತಿರುಗಿಸುತ್ತಾನೆ. ಆರಡಿಯ ಮನುಷ್ಯನಿಗೆ ಮೂರು ಪಾಲಿನವನು ಹದಿನೆಂಟಡಿಯ ದೈತ್ಯ. ಹಾಗಾದರೆ ಅವನ ಮನೆಯ ವಸ್ತುಗಳೆಲ್ಲವೂ ಮೂರು ಪಾಲು ತಾನೆ? ನಮ್ಮ ಮೆಟ್ಟಿಲು ಏಳಂಗುಲವಾದರೆ ಅವನದು ಇಪ್ಪತ್ತೊಂದು: ಒಂದೊಂದು ಮೆಟ್ಟಿಲಿಗೂ ಕೈಯೂರಿ ಹತ್ತಬೇಕು. ನಮ್ಮ ಮೇಜು ಎರಡೂವರೆ ಅಡಿಯಾದರೆ ಅವನ ಮೇಜಿನ ಕೆಳಗೆ ಖಡ್ಗಧಾರಿಯು ಶಿರಸ್ತ್ರಾಣವನ್ನು ಧರಿಸಿಯೇ ನೆಟ್ಟಗೆ ನಡೆದುಹೋಗಬಹುದು. ಬಾಗಿಲ ಅಗುಳಿ ಹತ್ತೂವರೆ ಅಡಿಯ ಮೇಲಿದೆ. ಒಬ್ಬನ ಹೆಗಲ ಮೇಲೆ ಇನ್ನೊಬ್ಬನು ನಿಂತರೆ ಎಟುಕೀತು. ಇನ್ನು ಒಳಹಿಡಿತಕ್ಕೆ ಬಂದರೆ ಲೆಕ್ಕ ಬೇರೆ, ಅಲ್ಲಿ ಮೂರು ಮೂರಲ ಒಂಬತ್ತು, ಒಂಬತ್ತು ಮೂರಲ ಇಪ್ಪತ್ತೇಳು. ನಮ್ಮ ಕೊಡಪಾನದಲ್ಲಿ ಹತ್ತು ಲೀಟರು ಹಿಡಿದರೆ ಅವನದರಲ್ಲಿ ಇನ್ನೂರ ಎಪ್ಪತ್ತು. ಅದರೊಳಗೆ ಕಾಲುಜಾರಿ ಬಿದ್ದವನು ಈಜಬೇಕು.

ಇಷ್ಟನ್ನು ಕಂಡ ಆಟಗಾರರು ದನಿಯನ್ನು ತಗ್ಗಿಸುತ್ತಾರೆ. ದೈತ್ಯನ ಸುಳಿವು ಇನ್ನೂ ಇಲ್ಲ. ಪಿಸುಮಾತು ಆಗಲೇ ಮೊದಲಾಗಿದೆ. ಮೇಜಿನ ಅಂಚು ಕಣ್ಣಿನ ಎತ್ತರಕ್ಕಿದ್ದ ಕಾಲ, ಅಗುಳಿ ಎಟುಕದಿದ್ದ ಕಾಲ, ಮೇಲಿನಿಂದ ಬರುವ ಧ್ವನಿಗೆ ಕತ್ತೆತ್ತಿ ನೋಡಬೇಕಾಗಿದ್ದ ಕಾಲ ಪ್ರತಿಯೊಬ್ಬನ ಬಾಳಿನಲ್ಲಿಯೂ ಇದ್ದಿತು. ದೈತ್ಯನ ಮನೆಯು ಬೆಳೆದ ಮನುಷ್ಯನಿಗೆ ಆ ಮರೆತ ಕಾಲವನ್ನು ಮರಳಿ ತಂದುಕೊಡುತ್ತದೆ. ಇಪ್ಪತ್ತು ಮುಖದ ದಾಳಕ್ಕೆ ಈ ಶಕ್ತಿಯಿಲ್ಲ.

ನಮ್ಮ ಕರಾವಳಿಯ ಯಕ್ಷಗಾನದವರಿಗೆ ಈ ಗುಟ್ಟು ಹೊಸದಲ್ಲ. ಬಣ್ಣದ ವೇಷವು ಒಮ್ಮೆಗೇ ರಂಗಕ್ಕೆ ಬಂದು ನಿಲ್ಲುವುದುಂಟೇ? ತೆರೆಯ ಹಿಂದೆ ಅಬ್ಬರ, ಚೆಂಡೆಯ ಮೊಳಗು, ತೆರೆಯ ಮೇಲಂಚಿನಲ್ಲಿ ಕಿರೀಟದ ಒಂದು ತುಣುಕು; ಮುಂದಿನ ಸಾಲಿನ ಹುಡುಗರು ಹಿಂದಕ್ಕೆ ಸರಿದಾದ ಮೇಲೆಯೇ ಮುಖದರ್ಶನ.

ಗೆಲಿಲಿಯೋ ಎತ್ತಿದ ಆಕ್ಷೇಪಣೆ

ವಿಜ್ಞಾನ ಓದಿದ ಆಟಗಾರನೊಬ್ಬನಿದ್ದರೆ ಅವನು ಇಲ್ಲಿ ಅಡ್ಡಬರುವುದುಂಟು. ಅವನಿಗೆ ಆಧಾರವೂ ಉಂಟು. ದೇಹವು ಎಲ್ಲ ದಿಕ್ಕಿಗೂ ಮೂರು ಪಾಲಾದರೆ ತೂಕವು ಇಪ್ಪತ್ತೇಳು ಪಾಲಾಗುತ್ತದೆ. ಆದರೆ ಆ ತೂಕವನ್ನು ಹೊರುವ ಎಲುಬಿನ ಅಡ್ಡಕೊಯ್ತ ಒಂಬತ್ತು ಪಾಲು ಮಾತ್ರ. ಎಂದರೆ ಎಲುಬಿನ ಪ್ರತಿಯೊಂದು ಅಂಗುಲದ ಮೇಲೂ ಮೂರು ಪಾಲು ಭಾರ. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲಿ ಗೆಲಿಲಿಯೋ ಇದನ್ನು ವಿವರಿಸಿ, ದೊಡ್ಡ ಪ್ರಾಣಿಗೆ ಬೇಕಾಗುವ ಎಲುಬು ಎಷ್ಟು ವಿಕಾರವಾಗಿ ದಪ್ಪನಾಗಿರಬೇಕೆಂಬುದಕ್ಕೆ ಚಿತ್ರವನ್ನೂ ಕೊಟ್ಟನು. ಕೊನೆಗಾಲದಲ್ಲಿ ಭಾರತಕ್ಕೆ ಬಂದು, ಈ ದೇಶದ ಪೌರನಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನ್, 1926ರ ಒಂದು ಪ್ರಬಂಧದಲ್ಲಿ ಅರುವತ್ತು ಅಡಿಯ ದೈತ್ಯನನ್ನು ಎತ್ತಿಕೊಂಡು, ಮೊದಲ ಹೆಜ್ಜೆ ಇಟ್ಟೊಡನೆಯೇ ಅವನ ತೊಡೆಯ ಮೂಳೆ ಮುರಿಯುತ್ತದೆಂದು ತೋರಿಸಿದನು. ಸಣ್ಣ ಕೊಳವೆಗಳ ಮೂಲಕ ಉಸಿರಾಡುವ ಕೀಟಗಳಿಗೂ ಇಂತಹುದೇ ಎಲ್ಲೆಯುಂಟು. ಆಟದಲ್ಲಿ ಹೇರಳವಾಗಿ ಬರುವ ಎತ್ತಿನ ಗಾತ್ರದ ಜೀರುಂಡೆಗೆ ನಿಜಲೋಕದಲ್ಲಿ ಉಸಿರೇ ಕಟ್ಟೀತು.

ಈ ಆಕ್ಷೇಪಣೆಗೆ ಮಣಿದು ದೈತ್ಯರನ್ನು ಗಡೀಪಾರು ಮಾಡುವುದು ರಸಹೀನತೆ. ಜಾಣ ಸೂತ್ರಧಾರನು ಹಾಲ್ಡೇನನಿಂದ ತನಗೆ ಬೇಕಾದುದನ್ನು ಕಡವಾಗಿ ಪಡೆಯುತ್ತಾನೆ. ಆಳವಾದ ಗಣಿಯ ಬಾವಿಯಲ್ಲಿ ಬಿದ್ದ ಇಲಿ ಮೈಕೊಡವಿ ಓಡುತ್ತದೆ, ಮನುಷ್ಯನ ಮೂಳೆ ಮುರಿಯುತ್ತದೆ, ಕುದುರೆ ನುಚ್ಚುನೂರಾಗುತ್ತದೆ ಎಂದು ಅದೇ ಪ್ರಬಂಧದಲ್ಲಿದೆ. ಹಾಗಾದರೆ ದೈತ್ಯನ ಪರಮಶತ್ರು ಖಡ್ಗವಲ್ಲ, ಹಳ್ಳ. ಮನುಷ್ಯರು ದಾಟುವ ಮರದ ಸೇತುವೆ ಅವನ ಕಾಲಿಗೆ ಮುರಿಯುತ್ತದೆ. ಕೆಸರು ಅವನನ್ನು ಸೊಂಟದವರೆಗೆ ನುಂಗುತ್ತದೆ. ಅವನು ಅಟ್ಟಿಸಿಕೊಂಡು ಬರುವಾಗ ಎತ್ತ ಓಡಬೇಕೆಂಬುದು ಈಗ ದಾಳದ ಪ್ರಶ್ನೆಯಾಗಿ ಉಳಿಯದೆ ಬುದ್ಧಿಯ ಪ್ರಶ್ನೆಯಾಗುತ್ತದೆ.

ಗೈಗ್ಯಾಕ್ಸನೂ ಇದನ್ನು ಅರಿಯದವನಲ್ಲ. 1978ರಲ್ಲಿ 'ಒರಿಜಿನ್ಸ್' ಎಂಬ ಆಟಗಾರರ ಸಮ್ಮೇಳನದ ಪಂದ್ಯಕ್ಕಾಗಿ ಅವನು ಬರೆದ ಮೂರು ದೈತ್ಯಸಾಹಸಗಳ ಪೈಕಿ ಮೊದಲನೆಯದರಲ್ಲಿ, ಗುಡ್ಡದ ದೈತ್ಯರ ನಾಯಕನು ತನ್ನ ಮರದ ಕೋಟೆಯೊಳಗೆ ಔತಣ ನಡೆಸುತ್ತಿದ್ದಾನೆ. ಕಾವಲುಗಾರರು ಕುಡಿದು ಮಲಗಿದ್ದಾರೆ. ಒಳಗಿನ ಸಭೆಯಲ್ಲಿ ದೈತ್ಯರು ಕಿಕ್ಕಿರಿದಿದ್ದಾರೆ. ನೇರವಾಗಿ ನುಗ್ಗಿದ ವೀರರಿಗೆ ಅಲ್ಲಿಯೇ ಕೊನೆ. ಕದ್ದು ಹೊಕ್ಕು, ಕಿವಿಗೊಟ್ಟು ಕೇಳಿ, ಕಾಗದಪತ್ರಗಳನ್ನು ಹುಡುಕಿದವರಿಗೆ, ಒಬ್ಬರನ್ನೊಬ್ಬರು ಸಹಿಸದ ದೈತ್ಯಜಾತಿಗಳು ಒಂದಾಗಿ ದಂಡೆತ್ತಿ ಬಂದುದರ ಹಿಂದೆ ಇನ್ನಾರದೋ ಕೈವಾಡವಿದೆಯೆಂಬ ಶಂಕೆ ಮೂಡುತ್ತದೆ. ಅದೇ ವರ್ಷದ ನಿಯಮಪುಸ್ತಕದಲ್ಲಿ ಮತ್ತೊಂದು ಸ್ವಾರಸ್ಯವಿದೆ: ಕುಳ್ಳರ ಜಾತಿಯವನನ್ನು ಹೊಡೆಯುವಾಗ ದೈತ್ಯನ ದಾಳದಲ್ಲಿ ನಾಲ್ಕನ್ನು ಕಳೆಯಬೇಕು. ಕುಳ್ಳತನವೇ ಅವನ ಕವಚ! 2014ರ ಆವೃತ್ತಿಯಲ್ಲಿಯಂತೂ, ಸೂತ್ರಧಾರನು ಒಪ್ಪಿದರೆ, ಸಣ್ಣವನು ದೊಡ್ಡವನ ಮೈಮೇಲೆಯೇ ಹತ್ತಬಹುದೆಂಬ ನಿಯಮವಿದೆ. ಬೆನ್ನಿನ ಮೇಲೆ ಹರಿದಾಡುವ ಇರುವೆಯನ್ನು ಹಿಡಿಯಲು ಹೆಣಗುವವನ ಫಜೀತಿ ಯಾರಿಗೆ ತಿಳಿಯದು?

ತೊಟ್ಟಿಲು

ಇಷ್ಟಾದರೂ ಇವೆಲ್ಲ ದೈತ್ಯನನ್ನು ಕೊಲ್ಲುವ ಉಪಾಯಗಳೇ. ಕೊಲ್ಲುವುದನ್ನೇ ಬಿಟ್ಟು ದೈತ್ಯನನ್ನು ಬಳಸಿದ ಒಂದು ಕಥೆ ಇನ್ನೊಂದು ಆಟದಲ್ಲಿ ಬಂದಿದೆ. 1978ರಲ್ಲಿ ಹುಟ್ಟಿದ 'ರೂನ್‌ಕ್ವೆಸ್ಟ್' ಎಂಬ ಆ ಆಟದ ಕಥಾಪ್ರಪಂಚ ಗ್ರೆಗ್ ಸ್ಟಾಫರ್ಡನ ಸೃಷ್ಟಿ. ಅದರ ಪಾವಿಸ್ ಎಂಬ ನಗರವನ್ನು ಕುರಿತು 1983ರಲ್ಲಿ ಪ್ರಕಟವಾದ ಸಂಪುಟದಲ್ಲಿ 'ತೊಟ್ಟಿಲು' ಎಂಬ ಸಾಹಸವಿದೆ.

ಪರ್ವತಪ್ರದೇಶದ ದೈತ್ಯರು ಹಿಂದಿನ ಕಾಲದಲ್ಲಿ ತಮ್ಮ ಹಸುಗೂಸುಗಳನ್ನು ತೊಟ್ಟಿಲಲ್ಲಿಟ್ಟು, ಸುತ್ತ ಬೆಲೆಬಾಳುವ ವಸ್ತುಗಳನ್ನಿರಿಸಿ, ನದಿಯಲ್ಲಿ ತೇಲಿಬಿಡುತ್ತಿದ್ದರು. ತೊಟ್ಟಿಲು ಹಡಗಿನಷ್ಟು ದೊಡ್ಡದು. ಅದು ಸಾಗರವನ್ನು ಸೇರಬೇಕು. ಆದರೆ ನದಿಯ ದಡದಲ್ಲಿ ಮನುಷ್ಯರ ನಗರವಿದೆ, ಮನುಷ್ಯರಿಗೆ ಆಸೆಯಿದೆ. ತೊಟ್ಟಿಲುಗಳು ಲೂಟಿಯಾದವು. ಬಹುಕಾಲ ಯಾವ ತೊಟ್ಟಿಲೂ ಬರಲಿಲ್ಲ. ಈಗ ಒಂದು ಬರುತ್ತಿದೆ. ಕುಂತಿಯು ಕರ್ಣನನ್ನು ಹೊಳೆಗೆ ಒಪ್ಪಿಸಿದ ಕಥೆಯನ್ನು ಕೇಳಿ ಬೆಳೆದವರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಟಗಾರರು ಆ ತೊಟ್ಟಿಲನ್ನೇರಿ ಕಾವಲಿಗೆ ನಿಲ್ಲುತ್ತಾರೆ. ದಡಗಳಿಂದ, ದೋಣಿಗಳಿಂದ, ಸೇನೆಯೇ ಮೇಲೆ ಬೀಳುತ್ತದೆ. ನಡುವೆ ಮಲಗಿರುವುದು ಮನುಷ್ಯರೆಲ್ಲರಿಗಿಂತ ದೊಡ್ಡದಾದ, ಮಾತು ಬಾರದ, ತನ್ನನ್ನು ತಾನು ಕಾಪಾಡಿಕೊಳ್ಳಲಾರದ ಒಂದು ಕೂಸು. ಅದು ಮಗ್ಗುಲು ಬದಲಿಸಿದರೆ ಕಾಲಡಿಯ ಹಲಗೆ ವಾಲುತ್ತದೆ. ಅತ್ತರೆ ಎರಡು ದಡಗಳಿಗೂ ಕೇಳುತ್ತದೆ. ಹಿಂದಿನ ವಾರ ದೈತ್ಯನ ಪ್ರಾಣಾಂಕಗಳನ್ನು ಬೆರಳೆಣಿಸಿ ಕಳೆಯುತ್ತಿದ್ದ ಖಡ್ಗಧಾರಿಯು ಈ ವಾರ ಬಾಣಗಳ ಮಳೆಯ ನಡುವೆ ಗುರಾಣಿಯನ್ನೆತ್ತಿ ನಿಂತು, ಕೂಸಿಗೆ ಎಚ್ಚರವಾಯಿತೇ ಎಂದು ಸೂತ್ರಧಾರನನ್ನು ಕೇಳುತ್ತಾನೆ.