ಫ್ಲ್ಯಾಟಿನ ನಿರ್ವಹಣಾ ಶುಲ್ಕ: ತೀರಿಹೋದವರ ಬಾಕಿ ಯಾರು ಕೊಡಬೇಕು?

ಮಂಗಳೂರಿನ ಬೆಂದೂರು, ಬಿಜೈ, ಕಂಕನಾಡಿ ಕಡೆ ಹಿಂದೆ ಹಿತ್ತಿಲು, ಹಂಚಿನ ಮನೆಗಳಿದ್ದ ಎಷ್ಟೋ ಜಾಗಗಳಲ್ಲಿ ಇಂದು ವಸತಿ ಸಮುಚ್ಚಯಗಳು ಎದ್ದಿವೆ. ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳು ಈಗ ಫ್ಲ್ಯಾಟ್‌ಗಳಲ್ಲಿ ವಾಸವಾಗಿವೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ವಯಸ್ಸಾದ ತಂದೆತಾಯಿ ಇಲ್ಲಿ. ಕೆಲವು ಫ್ಲ್ಯಾಟ್‌ಗಳಿಗೆ ವರ್ಷವಿಡೀ ಬೀಗ. ಹಿತ್ತಿಲ ಮನೆಯ ಬಾವಿ ನೀರಿಗೆ ಯಾರೂ ತಿಂಗಳ ಲೆಕ್ಕ ಕೇಳುತ್ತಿರಲಿಲ್ಲ. ಫ್ಲ್ಯಾಟಿನಲ್ಲಿ ಲಿಫ್ಟು, ಕಾವಲುಗಾರ, ಜನರೇಟರ್, ನೀರಿನ ಪಂಪು ಎಲ್ಲದಕ್ಕೂ ಪಾಲು ಕೊಡಬೇಕು. ಜಗಳ ಹುಟ್ಟುವುದು ಇಲ್ಲಿಯೇ.

ಜಗಳ ಹೆಚ್ಚು ನೋವು ಕೊಡುವುದು ಸಾವಿನ ನಂತರ. ಮನೆಯ ಯಜಮಾನರು ತೀರಿಕೊಂಡಿರುತ್ತಾರೆ. ತಿಂಗಳ ಬಲಿಪೂಜೆಯೂ ಮುಗಿದಿರುವುದಿಲ್ಲ, ಅಷ್ಟರಲ್ಲಿ ಸಂಘದಿಂದ ಹಲವು ವರ್ಷಗಳ ಬಾಕಿಯ ಚೀಟಿ ಬರುತ್ತದೆ. ಹೆಂಡತಿಗೆ ಆ ಬಾಕಿಯ ವಿಷಯವೇ ಗೊತ್ತಿರುವುದಿಲ್ಲ. ಕೊನೆಗೆ ವಾಳೆಯ ಗುರಿಕಾರರ ಬಳಿಯೋ ಧರ್ಮಗುರುಗಳ ಬಳಿಯೋ ಹೋಗುತ್ತಾರೆ. ಕಾನೂನು ಏನು ಹೇಳುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಸಮಾಧಾನ ಹೇಳಲು ಹೋದವರೂ ತಪ್ಪು ಮಾತು ಹೇಳಿಬಿಡುತ್ತಾರೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಆಧಾರ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಸಮುಚ್ಚಯವನ್ನು ಈ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರದಲ್ಲಿ ಪ್ರತಿ ಫ್ಲ್ಯಾಟಿಗೂ ಸಾಮಾನ್ಯ ಜಾಗದಲ್ಲಿ ಎಷ್ಟು ಪಾಲು ಎಂದು ಬರೆದಿರುತ್ತದೆ. ಸಾಮಾನ್ಯ ಖರ್ಚು ಹಂಚಿಕೆಯಾಗುವುದು ಆ ಪಾಲಿನ ಪ್ರಕಾರ. "ನಾನು ನೆಲಮಹಡಿಯವನು, ಲಿಫ್ಟು ಹತ್ತುವುದೇ ಇಲ್ಲ", "ನಾವು ಕುವೈಟಿನಲ್ಲಿದ್ದೇವೆ, ಫ್ಲ್ಯಾಟಿಗೆ ಬೀಗ ಹಾಕಿದೆ" ಎಂಬ ಮಾತುಗಳನ್ನು ಕಾಯ್ದೆ ಒಪ್ಪುವುದಿಲ್ಲ. ಬಳಸದಿದ್ದರೂ ಪಾಲು ಕೊಡಲೇಬೇಕು.

ಇನ್ನೂ ಮುಖ್ಯವಾದ ಮಾತು ಒಂದಿದೆ. ಕೊಡದೆ ಉಳಿದ ಶುಲ್ಕ ಆ ಫ್ಲ್ಯಾಟಿನ ಮೇಲೆಯೇ ಋಣಭಾರವಾಗಿ ಕೂರುತ್ತದೆ. ಸರಕಾರ ಮತ್ತು ನಗರಪಾಲಿಕೆಯ ತೆರಿಗೆ ಹಾಗೂ ಮೊದಲ ಅಡಮಾನದ ಸಾಲ, ಅಂದರೆ ಸಾಮಾನ್ಯವಾಗಿ ಬ್ಯಾಂಕಿನ ಗೃಹಸಾಲ, ಇವೆರಡನ್ನು ಬಿಟ್ಟರೆ ಉಳಿದೆಲ್ಲ ಋಣಭಾರಗಳಿಗಿಂತ ಅದು ಮುಂದೆ. ಆದ್ದರಿಂದ ಮಾಲೀಕರು ತೀರಿಹೋದರೂ ಬಾಕಿ ತೀರುವುದಿಲ್ಲ. ಫ್ಲ್ಯಾಟಿನ ಜತೆಗೆ ವಾರಸುದಾರರಿಗೆ ಬರುತ್ತದೆ. ಮಾಮೂಲಿ ಸಾಲದ ದಾವೆಗೆ ಮೂರು ವರ್ಷಗಳ ಕಾಲಮಿತಿಯಾದರೆ, ಸ್ಥಿರಾಸ್ತಿಯ ಮೇಲಿನ ಋಣಭಾರದ ವಸೂಲಿಗೆ ಹನ್ನೆರಡು ವರ್ಷಗಳಿವೆ. ಆದರೆ ಕೆಲವು ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಮಾತ್ರ ನೋಂದಾಯಿತವಾಗಿವೆ. ಸಮುಚ್ಚಯ 1972ರ ಕಾಯ್ದೆಗೆ ಒಳಪಟ್ಟಿದೆಯೇ ಎಂದು ಮೊದಲು ಕೇಳಿ ನೋಡಬೇಕು, ಈ ವಿಶೇಷ ಋಣಭಾರ ಬರುವುದು ಆ ಕಾಯ್ದೆಯಿಂದ.

ಹಾಗೆಂದು ಹೆಂಡತಿ ಮಕ್ಕಳು ತಮ್ಮ ಸ್ವಂತ ಒಡವೆ ಮಾರಿ ಕಟ್ಟಬೇಕೇ? ಇಲ್ಲ. ತೀರಿಹೋದವರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಗೃಹಸಾಲದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ನಮ್ಮಲ್ಲಿ ಅನೇಕ ಹೆಂಗಸರು ಬ್ಯಾಂಕಿನಲ್ಲಿ "ಇಲ್ಲೊಂದು ಸಹಿ" ಎಂದಾಗ ಸಹ-ಅರ್ಜಿದಾರರಾಗಿ ಸಹಿ ಹಾಕಿರುತ್ತಾರೆ. ಆಗ ಅದು ಅವರ ಸ್ವಂತ ಸಾಲವೂ ಹೌದು. ಆ ಸಾಲಕ್ಕೆ ಜೀವವಿಮೆ ಮಾಡಿಸಿದ್ದರೇ ಎಂದು ವಿಚಾರಿಸಲು ಮರೆಯಬಾರದು.

ಉಯಿಲು ಇಲ್ಲದಿದ್ದರೆ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಹೆಂಡತಿಗೆ ಮೂರನೇ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ, ಮದುವೆಯಾದ ಹೆಣ್ಣುಮಕ್ಕಳಿಗೂ ಸೇರಿ. ಬಾಕಿಯನ್ನೂ ಹೀಗೆಯೇ ಹಂಚಿಕೊಳ್ಳುವುದು ನ್ಯಾಯ. 90,000 ರೂಪಾಯಿ ಬಾಕಿಯಿದ್ದು ತಾಯಿ ಮತ್ತು ಮೂವರು ಮಕ್ಕಳಿದ್ದರೆ ತಾಯಿಯ ಪಾಲಿಗೆ 30,000, ಮಕ್ಕಳಿಗೆ ತಲಾ 20,000. ಆಸ್ತಿಯಲ್ಲಿ ಪಾಲು ಕೇಳುವ ಮಕ್ಕಳು ಬಾಕಿ ಬಂದಾಗ "ಅಲ್ಲಿ ಇರುವುದು ಅಮ್ಮ ತಾನೇ" ಎಂದು ಸುಮ್ಮನಾಗುವುದುಂಟು. ಈ ಮಾತು ನನಗೆ ಸರಿ ಕಾಣುವುದಿಲ್ಲ. ಸಾಲ ತೀರಿಸುವುದು ನ್ಯಾಯದ ಕರ್ತವ್ಯವೆಂದು ಕಥೋಲಿಕ ಧರ್ಮೋಪದೇಶ ಏಳನೆಯ ಆಜ್ಞೆಯ ವಿವರಣೆಯಲ್ಲಿಯೇ (2411) ಹೇಳುತ್ತದೆ. ಇನ್ನು ಸಂಘದ ಪುಸ್ತಕದಲ್ಲಿ ನಾಮಿನಿ ಎಂದು ಹೆಸರಿದ್ದ ಮಾತ್ರಕ್ಕೆ ಒಬ್ಬ ಮಗನೇ ಮಾಲೀಕನಾಗುವುದಿಲ್ಲ.

ಹಳೆಯ ಫ್ಲ್ಯಾಟು ಕೊಳ್ಳುವವರೂ ಕೇಳಿಸಿಕೊಳ್ಳಬೇಕು. ಕೊಂಡವರು ಮಾರಿದವರ ಜತೆಗೆ ಹಳೆಯ ಬಾಕಿಗೆ ಜಂಟಿಯಾಗಿ ಹೊಣೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ ತೆಗೆಸಿ ನೋಡಿದರೂ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಸಂಘದಿಂದ ಬಾಕಿಯ ಲಿಖಿತ ಹೇಳಿಕೆ ಕೇಳುವ ಹಕ್ಕನ್ನು ಕಾಯ್ದೆ ಕೊಂಡವರಿಗೆ ಕೊಟ್ಟಿದೆ. ಅದರಲ್ಲಿ ಬರೆದ ಮೊತ್ತಕ್ಕಿಂತ ಹೆಚ್ಚಿಗೆ ಅವರು ಹೊಣೆಯಲ್ಲ. ಕಾವಲುಗಾರನೋ ನೆರೆಯವರೋ "ಏನೂ ಬಾಕಿ ಇಲ್ಲ" ಎಂದರೆ ಸಾಲದು, ಕಾಗದ ಬೇಕು. ವಾರಸುದಾರರೂ ಇಂತಹ ಹೇಳಿಕೆಯನ್ನು ತಿಂಗಳವಾರು ಲೆಕ್ಕದೊಂದಿಗೆ ಕೇಳಿ ಪಡೆದರೆ ಉತ್ತಮ. ದಂಡಬಡ್ಡಿ ಹಾಕಿದ್ದರೆ ಅದಕ್ಕೆ ಬೈಲಾದಲ್ಲಿ ಆಧಾರವಿದೆಯೇ ನೋಡಬೇಕು, ಇಲ್ಲದಿದ್ದರೆ ಪ್ರಶ್ನಿಸಬಹುದು.

ಸಂಘದ ಪದಾಧಿಕಾರಿಗಳಲ್ಲಿಯೂ ನಮ್ಮವರೇ ಅನೇಕರಿದ್ದಾರೆ. ಅವರ ಕಷ್ಟವೂ ಸಣ್ಣದಲ್ಲ. ಹತ್ತು ಮನೆಯವರು ಕೊಡದಿದ್ದರೂ ಕಾವಲುಗಾರನಿಗೆ ತಿಂಗಳ ಸಂಬಳ ಕೊಡಲೇಬೇಕು. ಆದರೂ ಲಿಫ್ಟಿನ ಪಕ್ಕದ ಫಲಕದಲ್ಲಿ ವಿಧವೆಯೊಬ್ಬರ ಹೆಸರು ಅಂಟಿಸುವುದು, ನೀರು ನಿಲ್ಲಿಸುವುದು ವಸೂಲಿಯ ದಾರಿಯಲ್ಲ. ಮೆಸ್ಕಾಂ ವಿದ್ಯುತ್ ಸಂಪರ್ಕವನ್ನಂತೂ ಸಂಘ ಮುಟ್ಟುವ ಹಾಗಿಲ್ಲ.

ಮಾತುಕತೆಯಲ್ಲಿ ಮುಗಿಯದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ದಾವೆ ಹೂಡುವ ಮೊದಲೇ ವಿಷಯವನ್ನು ಲೋಕ ಅದಾಲತ್ತಿಗೆ ತರಬಹುದು. ಅಲ್ಲಿ ಕೋರ್ಟ್ ಶುಲ್ಕ ಇಲ್ಲ, ಆದ ರಾಜಿ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಮೇಲ್ಮನವಿ ಇಲ್ಲದ ಕಾರಣ ಸಹಿ ಹಾಕುವ ಮುನ್ನ ಮೊತ್ತವನ್ನೂ ಕಂತುಗಳನ್ನೂ ಸರಿಯಾಗಿ ಓದಿಕೊಳ್ಳಬೇಕು. ಹೋಗುವಾಗ ಮರಣ ಪ್ರಮಾಣಪತ್ರ, ಫ್ಲ್ಯಾಟಿನ ಕ್ರಯಪತ್ರ, ಸಂಘದ ಬೈಲಾ, ಹಳೆಯ ರಸೀದಿಗಳು ಜತೆಗಿರಲಿ. ಇಂಗ್ಲಿಷ್ ಓದಲು ಬಾರದ ತಾಯಂದಿರ ಜತೆಗೆ ವಾಳೆಯಿಂದ ಒಬ್ಬರು ಹೋದರೆ ಇನ್ನೂ ಒಳ್ಳೆಯದು.