ಸಣ್ಣ ಹಿಡುವಳಿಗೆ ಬಳಸಿದ ಕಿರು ಟ್ರ್ಯಾಕ್ಟರಿನ ಆಯ್ಕೆ

ಕರ್ಣಾಟಕದ ಬೇಸಾಯದ ಹಿಡುವಳಿಗಳು ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತ ಬಂದಿರುವುದು ಸರ್ವವಿದಿತವಾದ ಸಂಗತಿ. 2015–16ರ ಕೃಷಿ ಗಣತಿಯಂತೆ ರಾಜ್ಯದ ಹಿಡುವಳಿಯ ಸರಾಸರಿ ವಿಸ್ತೀರ್ಣ 1.36 ಹೆಕ್ಟೇರು, ಎಂದರೆ ಸುಮಾರು 3 ಎಕರೆ 14 ಗುಂಟೆ. ಇಷ್ಟು ಭೂಮಿಗಾಗಿ ವರ್ಷವಿಡೀ ಒಂದು ಜೊತೆ ಎತ್ತುಗಳನ್ನು ಸಾಕುವುದು ದುಬಾರಿ. ದೊಡ್ಡ ಟ್ರ್ಯಾಕ್ಟರಿಗೆ ಬದುವಿನಿಂದ ಬದುವಿಗೆ ತಿರುಗಲೂ ಎಡೆಯಿರುವುದಿಲ್ಲ. ಈ ಇಕ್ಕಟ್ಟಿನಲ್ಲಿ ಬಳಸಿದ ಕಿರು ಟ್ರ್ಯಾಕ್ಟರು ರೈತನ ಕಣ್ಣಿಗೆ ಬೀಳುವುದು ಸಹಜವೇ. ಕುಮಾರ ಪಾರ್ಕ್, ಮಲ್ಲೇಶ್ವರಗಳಲ್ಲಿ ನೆಲಸಿ ಮಾಗಡಿ, ನೆಲಮಂಗಲ, ದೊಡ್ಡಬಳ್ಳಾಪುರಗಳ ಕಡೆ ಪಿತ್ರಾರ್ಜಿತ ಭೂಮಿಯನ್ನು ಉಳಿಸಿಕೊಂಡಿರುವ ಕುಟುಂಬಗಳಲ್ಲಿಯೂ ಈ ಪ್ರಶ್ನೆ ಏಳುವುದುಂಟು. ಕೊಳ್ಳುವವರು ಸಾಮಾನ್ಯವಾಗಿ ಬೆಲೆಯನ್ನೂ ಹೊಸದಾಗಿ ಬಳಿದ ಬಣ್ಣವನ್ನೂ ನೋಡಿ ನಿರ್ಧರಿಸುತ್ತಾರೆ. ಮಾಡಬೇಕಾದ ಕೆಲಸವನ್ನು ಮೊದಲು ಅಳೆದು, ಯಂತ್ರವನ್ನು ಅನಂತರ ನೋಡುವುದು ಲೇಸೆಂಬುದು ಈ ಲೇಖನದ ಅಭಿಪ್ರಾಯ.

1. ಕೆಲಸದ ಲೆಕ್ಕ

ಒಂದು ಮೀಟರು ಅಗಲದ ರೋಟವೇಟರನ್ನು ಗಂಟೆಗೆ ಎರಡೂವರೆ ಕಿಲೋಮೀಟರು ವೇಗದಲ್ಲಿ ಎಳೆದರೆ 2,500 ಚದರ ಮೀಟರು ಉಳುಮೆಯಾಗಬೇಕು. ತಿರುವಿಗೂ ಸಾಲು ಮೇಲೆ ಸಾಲು ಬೀಳುವುದಕ್ಕೂ ನೂರಕ್ಕೆ 30ರಷ್ಟು ಕಳೆದರೆ ಉಳಿಯುವುದು 1,750. ಒಂದು ಎಕರೆಗೆ ಸುಮಾರು 4,050 ಚದರ ಮೀಟರು. ಆದುದರಿಂದ ಎಕರೆಯೊಂದಕ್ಕೆ 2 ಗಂಟೆ 20 ನಿಮಿಷ ಬೇಕು. ಮೂರು ಎಕರೆಯನ್ನು ಬೆಳೆಗೆ ಮೂರು ಬಾರಿಯಂತೆ ಎರಡು ಬೆಳೆಗೆ ಉತ್ತರೂ ವರ್ಷದ ಕೆಲಸ 42 ಗಂಟೆಯನ್ನು ಮೀರುವುದಿಲ್ಲ.

ಈಗ ಯಂತ್ರದ ಬೆಲೆ ಎರಡು ಲಕ್ಷ ರೂಪಾಯಿಯೆಂದು ಭಾವಿಸೋಣ. ಬಡ್ಡಿ ಮತ್ತು ಸವಕಳಿಗೆ ನೂರಕ್ಕೆ 20ರಂತೆ ಹಿಡಿದರೆ ವರ್ಷಕ್ಕೆ 40,000 ರೂಪಾಯಿ. ವರ್ಷಕ್ಕೆ 42 ಗಂಟೆ ದುಡಿಯುವ ಯಂತ್ರಕ್ಕೆ, ಡೀಸೆಲ್ಲು, ಚಾಲಕ, ದುರಸ್ತಿಗಳನ್ನು ಸೇರಿಸುವ ಮೊದಲೇ, ಗಂಟೆಗೆ ಸುಮಾರು 950 ರೂಪಾಯಿ ಬೀಳುತ್ತದೆ. 200 ಗಂಟೆ ದುಡಿದರೆ 200 ರೂಪಾಯಿ ಮಾತ್ರ. ಈ ಅಂಕಿಯನ್ನು ತಮ್ಮ ಊರಿನ ಬಾಡಿಗೆಯೊಡನೆ ಹೋಲಿಸದೆ ಸಾಲ ಮಾಡುವುದು ಅವಿವೇಕ. ನೆರೆಯ ಇಬ್ಬರು ಮೂವರು ರೈತರು ಕೂಡಿ ಕೊಳ್ಳುವುದಾಗಲಿ, ಸ್ವಂತ ಕೆಲಸ ಮುಗಿದ ಮೇಲೆ ಬಾಡಿಗೆಗೆ ಬಿಡುವುದಾಗಲಿ ಸಾಧ್ಯವಿಲ್ಲದಿದ್ದರೆ, ರಾಜ್ಯ ಸರ್ಕಾರವು 2014–15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆಯಂತಹ ಬಾಡಿಗೆಯ ವ್ಯವಸ್ಥೆಯೇ ಮೇಲು.

2. ಶಕ್ತಿ ಮತ್ತು ಅಗಲ

ಕಿರು ಟ್ರ್ಯಾಕ್ಟರುಗಳ ಶಕ್ತಿ ಹೆಚ್ಚಾಗಿ 11ರಿಂದ 28 ಅಶ್ವಶಕ್ತಿಯವರೆಗೆ ಇರುತ್ತದೆ. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ ಜಪಾನಿನ ಮಿಟ್ಸುಬಿಷಿ ಸಂಸ್ಥೆಯ ತಾಂತ್ರಿಕ ಸಹಕಾರದೊಡನೆ ಪವರ್ ಟಿಲ್ಲರುಗಳನ್ನು ತಯಾರಿಸಿದ ವಿ.ಎಸ್.ಟಿ. ಸಂಸ್ಥೆಯ 18.5 ಅಶ್ವಶಕ್ತಿಯ ಮಾದರಿಗೆ ಮೂರು ಸಿಲಿಂಡರುಗಳಿವೆ. ಮಹೀಂದ್ರ ಸಂಸ್ಥೆಯ 15 ಅಶ್ವಶಕ್ತಿಯ ಯುವರಾಜ್ 215 ಮಾದರಿಗೆ ಒಂದೇ ಸಿಲಿಂಡರು. ಒಂದು ಸಿಲಿಂಡರಿನದು ದುರಸ್ತಿಗೆ ಸುಲಭ. ಮೂರರದು ನಡುಕ ಕಡಮೆ.

ಎಂಜಿನ್ನಿನ ಅಶ್ವಶಕ್ತಿಯಷ್ಟೂ ರೋಟವೇಟರಿಗೆ ದೊರೆಯುವುದಿಲ್ಲ. ಹಿಂದಿನ ಪಿಟಿಒ ದಂಡದಲ್ಲಿ ದೊರೆಯುವ ಶಕ್ತಿಯೇ ಮುಖ್ಯ. ಮಧ್ಯ ಪ್ರದೇಶದ ಬುದ್ನಿಯಲ್ಲಿ 1955ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯು ಇದನ್ನು ಅಳೆದು ವರದಿ ಕೊಡುತ್ತದೆ. ಮಾರಾಟಗಾರನ ಮಾತಿಗಿಂತ ಅಂತಹ ವರದಿ ನಂಬತಕ್ಕದ್ದು.

ಅಗಲದ ವಿಚಾರವೂ ಅಷ್ಟೇ ಮುಖ್ಯ. ಜೋಡಿಸಾಲಿನ ಹಿಪ್ಪುನೇರಳೆ ತೋಟದಲ್ಲಿ ಜೋಡಿಗಳ ನಡುವಣ ದಾರಿ 5 ಅಡಿ. ಎರಡು ಪಕ್ಕದಲ್ಲೂ ಅರ್ಧರ್ಧ ಅಡಿ ಬಿಡಬೇಕಾದರೆ ಟ್ರ್ಯಾಕ್ಟರಾಗಲಿ ಅದರ ಹಿಂದಿನ ಉಪಕರಣವಾಗಲಿ 4 ಅಡಿಗಿಂತ ಅಗಲವಿರಕೂಡದು. ಬರಿಯ ರಾಗಿಯ ಹೊಲಕ್ಕೆ ಈ ನಿರ್ಬಂಧವಿಲ್ಲ.

3. ಯಂತ್ರದ ಪರೀಕ್ಷೆ

ತಾವು ಬರುವ ಮೊದಲು ಎಂಜಿನ್ನನ್ನು ಚಾಲೂ ಮಾಡಬಾರದೆಂದು ಒಡೆಯನಿಗೆ ಮುಂದಾಗಿ ತಿಳಿಸಬೇಕು. ಬಿಸಿಯಾದ ಎಂಜಿನ್ನು ತನ್ನ ದೋಷಗಳನ್ನು ಮರೆಮಾಡುತ್ತದೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆ ಗಾಳಿಯ ಕೊರತೆಯನ್ನೋ ಡೀಸೆಲ್ಲಿನ ಅತಿರೇಕವನ್ನೋ ತೋರಿಸುತ್ತದೆ. ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದಾಗ ಹೊಗೆ ರಭಸದಿಂದ ಹೊರಡುವುದಾದರೆ ರಿಂಗುಗಳು ಸವೆದಿವೆಯೆಂದು ತಿಳಿಯಬೇಕು. ಎಂಜಿನ್ನನ್ನು ಬೋರ್ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳತಕ್ಕದ್ದು.

ಗದ್ದೆಯ ಕೆಸರಿನಲ್ಲಿ ದುಡಿದ ಯಂತ್ರದ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಸೀಲುಗಳು ಸವೆದು ನೀರು ಒಳಸೇರಿದ್ದರೆ ಗೇರಿನ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿರುತ್ತದೆ. ಮುಂದಿನ ಚಕ್ರಗಳಿಗೂ ಚಾಲನೆಯಿರುವ ಯಂತ್ರದಲ್ಲಿ ಮುಂದಿನ ಅಚ್ಚಿನ ಎಣ್ಣೆಯನ್ನೂ ನೋಡಬೇಕು. ಭಾರವಾದ ಉಪಕರಣವನ್ನು ಲಿಫ್ಟಿನಿಂದ ಮೇಲೆತ್ತಿ ಎಂಜಿನ್ನನ್ನು ನಿಲ್ಲಿಸಿದಾಗ ಅದು ನೋಡನೋಡುತ್ತಿದ್ದಂತೆ ಇಳಿದುಬಿಟ್ಟರೆ ಹೈಡ್ರಾಲಿಕ್ಕಿನಲ್ಲಿ ಸೋರಿಕೆಯಿದೆ. ಗಂಟೆಯ ಮೀಟರನ್ನು ಬದಲಿಸಬಹುದು; ಕ್ಲಚ್ಚು, ಬ್ರೇಕುಗಳ ಪೆಡಲು ಸವೆದಿರುವುದನ್ನು ಅಡಗಿಸುವುದು ಅಷ್ಟು ಸುಲಭವಲ್ಲ. ಕಡೆಗೆ, ಹೊಲದಲ್ಲಿ ಅರ್ಧ ಗಂಟೆಯಾದರೂ ಉಳಿಸಿ ನೋಡದೆ ಮುಂಗಡ ಕೊಡಕೂಡದು.

4. ಬಿಡಿಭಾಗ ಮತ್ತು ದಾಖಲೆ

ಬಿಡಿಭಾಗವು ಸಮೀಪದ ತಾಲ್ಲೂಕು ಕೇಂದ್ರದಲ್ಲಿ ದೊರೆಯದಿದ್ದರೆ ಅಗ್ಗದ ಯಂತ್ರವೂ ದುಬಾರಿಯೇ. ಮೊದಲ ಮಳೆ ಬಿದ್ದ ಮೇಲೆ ಬಿತ್ತನೆಯ ಹದ ಕೆಲವೇ ದಿನ ನಿಲ್ಲುತ್ತದೆ. ಒಂದು ಸೀಲಿಗಾಗಿ ವಾರ ಕಾದವನು ಆ ಹದವನ್ನೇ ಕಳೆದುಕೊಳ್ಳುತ್ತಾನೆ.

ನೋಂದಣಿ ಪತ್ರದಲ್ಲಿರುವ ಎಂಜಿನ್ ಮತ್ತು ಷಾಸಿ ಸಂಖ್ಯೆಗಳನ್ನು ಯಂತ್ರದ ಮೇಲೆ ಕೆತ್ತಿರುವ ಸಂಖ್ಯೆಗಳೊಡನೆ ಹೋಲಿಸಬೇಕು. ಸಾಲದ ನಮೂದು ಇದ್ದರೆ, ಅದು ತೀರಿದುದಕ್ಕೆ ಬ್ಯಾಂಕಿನ ಸಹಿಯುಳ್ಳ 35ನೆಯ ನಮೂನೆ ಬೇಕು. ಒಡೆತನದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು ಅವಶ್ಯ; 1988ರ ಮೋಟಾರು ವಾಹನಗಳ ಅಧಿನಿಯಮದಂತೆ ಕೊಂಡವನು 30 ದಿನಗಳೊಳಗೆ ವರ್ಗಾವಣೆಯನ್ನು ವರದಿ ಮಾಡಬೇಕು.

ಈ ನಾಲ್ಕು ಪರೀಕ್ಷೆಗಳಲ್ಲಿ ಕಡೆಯ ಎರಡನ್ನು ಅನುಭವಿಯಾದ ಮೆಕ್ಯಾನಿಕ್ಕೂ ವಕೀಲರೂ ಮಾಡಿಕೊಡಬಲ್ಲರು. ಮೊದಲನೆಯದನ್ನು ಭೂಮಿಯ ಒಡೆಯನೇ ಮಾಡಬೇಕು. ಆ ಲೆಕ್ಕ ತಪ್ಪಿದರೆ ದೋಷವಿಲ್ಲದ ಯಂತ್ರವೂ ಕೊಟ್ಟಿಗೆಯಲ್ಲಿ ನಿಂತು ಬಡ್ಡಿಯನ್ನು ಬೆಳೆಸುತ್ತದೆ.