ಕೆಂಪು ದೀಪದ ಮುಂದೆ ಒಂಟಿ ಸವಾರ

ಇಂತಹ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಸಣ್ಣ ಪಟ್ಟಣ. ನಡುರಾತ್ರಿ ಕಳೆದ ಸಮಯ. ಕೆಲಸ ಮುಗಿಸಿ ಮನೆಗೆ ಹೊರಟ ಮೋಟಾರ್ ಸೈಕಲ್ ಸವಾರನೊಬ್ಬನು ನಾಲ್ಕು ದಾರಿಗಳು ಕೂಡುವೆಡೆಯಲ್ಲಿ ಕೆಂಪು ದೀಪವನ್ನು ಕಂಡು ಗೆರೆಯ ಹಿಂದೆ ನಿಲ್ಲುತ್ತಾನೆ. ಅಡ್ಡದಾರಿಯಲ್ಲಿ ಒಂದು ವಾಹನವೂ ಇಲ್ಲ; ಆದರೂ ಅತ್ತ ಹಸಿರು ದೀಪ ಉರಿಯುತ್ತಲೇ ಇದೆ. ಒಂದು ನಿಮಿಷ ಕಳೆಯುತ್ತದೆ, ಎರಡು ಕಳೆಯುತ್ತವೆ, ಐದೂ ಕಳೆಯುತ್ತವೆ. ದೀಪ ಮಾತ್ರ ಬದಲಾಗುವುದಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ಕಾರು ಬರುತ್ತದೆ. ಸವಾರನು ತುಸು ಮುಂದೆ ಸರಿದು ಅದಕ್ಕೆ ಸ್ಥಳ ಬಿಡುತ್ತಾನೆ. ಕಾರು ಗೆರೆಯನ್ನು ಸಮೀಪಿಸಿದ ಕೆಲವೇ ಕ್ಷಣಗಳಲ್ಲಿ ಹಸಿರು ದೀಪ ಬೆಳಗುತ್ತದೆ!

ದೀಪಕ್ಕೆ ಕಾರು ಕಂಡಿತು. ಅದಕ್ಕೂ ಮೊದಲೇ ಬಂದು ಕಾದಿದ್ದ ಸವಾರನು ಕಾಣಲಿಲ್ಲ. ಕಾರು ಬಾರದೆ ಇದ್ದಿದ್ದರೆ ಅವನ ಗತಿ ಏನು? ಬೆಳಗಾಗುವವರೆಗೂ ನಿಲ್ಲಬೇಕೆ? ಕೆಂಪು ದೀಪವನ್ನು ಮೀರಿ ಹೋದರೆ ಅಪಾಯ. ಅದು ಕಾನೂನಿಗೂ ವಿರುದ್ಧ. ನಿಯಮವನ್ನು ಪಾಲಿಸಬಯಸುವವನಿಗೇ ಇಂತಹ ಇಕ್ಕಟ್ಟು ಒದಗಿದುದು ಹೇಗೆ? ಇದನ್ನು ತಿಳಿಯಬೇಕಾದರೆ ಆ ದೀಪವು ವಾಹನಗಳನ್ನು ಯಾವ ಬಗೆಯಲ್ಲಿ ಗುರುತಿಸುತ್ತದೆಂಬುದನ್ನು ಮೊದಲು ಅರಿಯಬೇಕು.

ಸಂಚಾರ ದೀಪಗಳಿಗೆ ಮೊದಲು ಕಣ್ಣೂ ಇರಲಿಲ್ಲ, ಕಿವಿಯೂ ಇರಲಿಲ್ಲ. ೧೮೬೮ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಸಮೀಪದಲ್ಲಿ ಅನಿಲದಿಂದ ಉರಿಯುವ ಕೆಂಪು ಹಸಿರು ದೀಪಗಳ ಕಂಬವೊಂದನ್ನು ನೆಟ್ಟರು. ಅದನ್ನು ಪೋಲೀಸಿನವನು ಕೈಯಿಂದಲೇ ತಿರುಗಿಸಬೇಕಾಗಿತ್ತು. ಮರುವರ್ಷದ ಆರಂಭದಲ್ಲಿ ಅನಿಲ ಸಿಡಿದು ಅವಘಡವಾದ ಮೇಲೆ ಆ ಪ್ರಯೋಗ ನಿಂತುಹೋಯಿತು. ೧೯೧೪ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ವಿದ್ಯುದ್ದೀಪಗಳು ಬಂದವು. ಮುಂದೆ ಗಡಿಯಾರದಂತೆ ನಿಯತಕಾಲಕ್ಕೆ ಬದಲಾಗುವ ದೀಪಗಳು ಬಳಕೆಗೆ ಬಂದವು. ಆದರೆ ಗಡಿಯಾರಕ್ಕೆ ರಸ್ತೆಯ ಸ್ಥಿತಿ ತಿಳಿಯದು. ಒಂದು ದಾರಿಯಲ್ಲಿ ನೂರು ವಾಹನಗಳಿದ್ದರೂ, ಇನ್ನೊಂದರಲ್ಲಿ ಒಂದೂ ಇಲ್ಲದಿದ್ದರೂ ಅದು ಇಬ್ಬರಿಗೂ ತನಗೆ ಗೊತ್ತುಮಾಡಿದಷ್ಟೇ ಕಾಲವನ್ನು ಹಂಚುತ್ತದೆ. ಆದಕಾರಣ, ವಾಹನ ಬಂದುದನ್ನು ಅರಿತು ದಾರಿ ಬಿಡುವ ದೀಪವನ್ನು ಮಾಡಬೇಕೆಂದು ತಂತ್ರಜ್ಞರು ಯೋಚಿಸಿದರು. ೧೯೨೮ರಲ್ಲಿ ಚಾರ್ಲ್ಸ್ ಆಡ್ಲರ್ ಎಂಬವರು ಬಾಲ್ಟಿಮೋರ್ ನಗರದಲ್ಲಿ ವಾಹನದ ಹಾರನ್ನಿನ ಸದ್ದಿಗೆ ಓಗೊಡುವ ದೀಪವನ್ನು ಸ್ಥಾಪಿಸಿದರು. ಚಾಲಕನು ಹಾರನ್ ಊದಿದರೆ ಯಂತ್ರವು ಅದನ್ನು ಕೇಳಿ ದೀಪ ಬದಲಿಸುತ್ತಿತ್ತು. ನೆರೆಹೊರೆಯವರ ನಿದ್ದೆಯ ಪಾಡು ಏನಾಗಿದ್ದೀತೆಂಬುದನ್ನು ಊಹಿಸಬಹುದು!

೧೯೬೦ರ ದಶಕದಿಂದ ಈಚೆಗೆ ಬಹುವಾಗಿ ಬಳಕೆಗೆ ಬಂದುದು ನೆಲದಲ್ಲಿ ಹುದುಗಿಸಿದ ತಂತಿಯ ಸುರುಳಿ. ನಿಲ್ಲುವ ಗೆರೆಯ ಬಳಿ ರಸ್ತೆಯ ಮೈಯನ್ನು ಗರಗಸದಿಂದ ಚೌಕಾಕಾರವಾಗಿ ಸೀಳುತ್ತಾರೆ. ಚೌಕದ ಪ್ರತಿಯೊಂದು ಬದಿಯೂ ಸಾಮಾನ್ಯವಾಗಿ ಆರು ಅಡಿ. ಆ ಸೀಳಿನಲ್ಲಿ ಹೊದಿಕೆಯುಳ್ಳ ತಂತಿಯನ್ನು ಕೆಲವು ಸುತ್ತು ಸುತ್ತಿ, ಮೇಲೆ ಕಪ್ಪು ಅಂಟನ್ನು ಸುರಿದು ಮುಚ್ಚುತ್ತಾರೆ. ತಂತಿಯ ಎರಡು ತುದಿಗಳೂ ರಸ್ತೆಯ ಅಂಚಿನ ಪೆಟ್ಟಿಗೆಯಲ್ಲಿರುವ ಶೋಧಕ ಯಂತ್ರವನ್ನು ಸೇರುತ್ತವೆ. ಮುಚ್ಚಿದ ಸೀಳಿನ ಕಪ್ಪು ಗೆರೆಯನ್ನು ಗಮನವಿಟ್ಟು ನೋಡಿದರೆ ರಸ್ತೆಯ ಮೇಲೆ ಗುರುತಿಸಬಹುದು.

ಈ ಸುರುಳಿಯ ಕೆಲಸ ನಡೆಯುವುದು ಮೈಕೆಲ್ ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮದಿಂದ. ಶೋಧಕ ಯಂತ್ರವು ಸುರುಳಿಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಯಿಸುತ್ತದೆ. ಇದರಿಂದ ಸುರುಳಿಯ ಸುತ್ತಲೂ ಅಷ್ಟೇ ವೇಗದಿಂದ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರದೊಳಕ್ಕೆ ಲೋಹದ ವಸ್ತುವೊಂದು ಬಂದರೆ, ನೀರಿನಲ್ಲಿ ಸುಳಿಗಳು ಏಳುವಂತೆ ಲೋಹದ ಮೈಯಲ್ಲಿ ಸುಳಿ ವಿದ್ಯುತ್ತು ಹುಟ್ಟಿಕೊಳ್ಳುತ್ತದೆ. ಈ ಸುಳಿ ವಿದ್ಯುತ್ತು ತಾನೂ ಒಂದು ಕಾಂತಕ್ಷೇತ್ರವನ್ನು ಉಂಟುಮಾಡಿ, ತನ್ನನ್ನು ಹುಟ್ಟಿಸಿದ ಕ್ಷೇತ್ರವನ್ನೇ ವಿರೋಧಿಸುತ್ತದೆ. ಅದರ ಫಲವಾಗಿ ಸುರುಳಿಯ ಪ್ರೇರಕತ್ವ ತುಸು ಕುಗ್ಗುತ್ತದೆ; ವಿದ್ಯುತ್ತಿನ ಆವೃತ್ತಿ ತುಸು ಏರುತ್ತದೆ. ಈ ವ್ಯತ್ಯಾಸವು ಗೊತ್ತುಪಡಿಸಿದ ಮಿತಿಯನ್ನು ಮೀರಿದರೆ, 'ವಾಹನ ಬಂದಿದೆ' ಎಂಬ ಸಂಕೇತವು ದೀಪದ ನಿಯಂತ್ರಕಕ್ಕೆ ತಲುಪುತ್ತದೆ. ಮಿತಿಯನ್ನು ಮೀರದಿದ್ದರೆ, ಯಂತ್ರದ ಲೆಕ್ಕದಲ್ಲಿ ಅಲ್ಲಿ ಯಾರೂ ಇಲ್ಲ.

ಸವಾರನ ಕಷ್ಟದ ಮೂಲ ಇಲ್ಲಿದೆ. ಆರು ಅಡಿಯ ಸುರುಳಿಯ ಮೇಲೆ ಕಾರು ನಿಂತಾಗ ಅದರ ಅಗಲವಾದ ಲೋಹದ ತಳವು ಸುರುಳಿಯನ್ನೆಲ್ಲ ಮುಚ್ಚುತ್ತದೆ. ಪ್ರೇರಕತ್ವವು ನೂರರಲ್ಲಿ ಸುಮಾರು ಮೂರು ಪಾಲು ಇಳಿಯುತ್ತದೆ. ಸಣ್ಣ ಮೋಟಾರ್ ಸೈಕಲ್ಲಿನಿಂದ ಆಗುವ ಇಳಿತವಾದರೋ ಸುಮಾರು ಸಾವಿರದಲ್ಲಿ ಒಂದು ಪಾಲು ಮಾತ್ರ. ವಾಹನದ ಭಾರವನ್ನು ನೋಡಿ ದೀಪ ಬದಲಾಗುತ್ತದೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಸುರುಳಿಗೆ ಭಾರದ ಅರಿವೇ ಇಲ್ಲ. ತಳವು ನೆಲದಿಂದ ಬಹಳ ಎತ್ತರದಲ್ಲಿರುವ ಲಾರಿಯು ತಗ್ಗಾದ ಕಾರಿಗಿಂತ ಕಡಿಮೆ ವ್ಯತ್ಯಾಸವನ್ನು ಉಂಟುಮಾಡುವುದೂ ಉಂಟು. ಲೋಹವು ಕಬ್ಬಿಣವೇ ಆಗಿರಬೇಕೆಂಬ ನಿಯಮವೂ ಇಲ್ಲ. ಅಲ್ಯೂಮಿನಿಯಮ್ ಕೂಡ ಸಾಕು.

ಹಾಗಾದರೆ ಸವಾರನು ಮಾಡಬಹುದಾದುದೇನು? ಒಂದು ಹೋಲಿಕೆಯಿಂದ ಇದನ್ನು ತಿಳಿಯಬಹುದು. ನೆಟ್ಟಗೆ ಸುರಿಯುವ ಮಳೆಯಲ್ಲಿ ಮೊರವನ್ನು ಅಡ್ಡವಾಗಿ ಹಿಡಿದರೆ ಅದರ ಮೇಲೆ ನೂರಾರು ಹನಿಗಳು ಬೀಳುತ್ತವೆ. ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿದರೆ ಅಂಚಿಗೆ ಮಾತ್ರ ನಾಲ್ಕಾರು ಹನಿಗಳು ತಾಗುತ್ತವೆ. ಆದರೆ ಗಾಳಿ ಬೀಸಿ ಮಳೆ ಅಡ್ಡಲಾಗಿ ಹೊಡೆದರೆ ನೆಟ್ಟಗಿರುವ ಮೊರವೂ ಪೂರ್ತಿ ನೆನೆಯುತ್ತದೆ. ಕಾರು ಅಡ್ಡ ಹಿಡಿದ ಮೊರದಂತೆ; ಮೋಟಾರ್ ಸೈಕಲ್ಲು ನೆಟ್ಟಗೆ ನಿಲ್ಲಿಸಿದ ಮೊರದಂತೆ. ಸುರುಳಿಯ ನಡುವೆ ಕಾಂತರೇಖೆಗಳು ನೆಲದಿಂದ ನೆಟ್ಟಗೆ ಮೇಲಕ್ಕೆ ಏಳುತ್ತವೆ. ಅವು ಸಪೂರವಾದ ವಾಹನದ ಪಕ್ಕದಲ್ಲೇ ಹಾದುಹೋಗುತ್ತವೆ. ತಂತಿಯ ನೇರ ಮೇಲ್ಗಡೆಯಲ್ಲಾದರೋ ಅವು ತಂತಿಯನ್ನು ಬಳಸಿಕೊಂಡು ಅಡ್ಡವಾಗಿ ಸಾಗುತ್ತವೆ. ನೆಟ್ಟಗೆ ನಿಂತ ಚಕ್ರಗಳನ್ನೂ ಎಂಜಿನ್ನನ್ನೂ ತೂರಿ ಹೋಗುತ್ತವೆ. ಆದುದರಿಂದ ಚೌಕದ ನಡುವೆ ನಿಲ್ಲುವುದಕ್ಕಿಂತ, ದಾರಿಯ ಉದ್ದಕ್ಕೆ ಸಾಗುವ ಕಪ್ಪು ಗೆರೆಯ ಮೇಲೆಯೇ ಎರಡು ಚಕ್ರಗಳನ್ನೂ ಇರಿಸಿ ನಿಂತರೆ ಯಂತ್ರವು ಸವಾರನನ್ನು ಗುರುತಿಸುವ ಸಂಭವ ಹೆಚ್ಚು. ಲೋಹದ ಚಕ್ರವುಳ್ಳ ಬೈಸಿಕಲ್ಲಿಗೂ ಇದೇ ಮಾತು ಸಲ್ಲುತ್ತದೆ.

ವಾಹನದ ಅಡಿಯಲ್ಲಿ ಕಾಂತವನ್ನು ಕಟ್ಟಿಕೊಂಡರೆ ದೀಪ ಬದಲಾಗುವುದೆಂದು ಹೇಳಿ ಅಂತಹ ಕಾಂತಗಳನ್ನು ಮಾರುವವರಿದ್ದಾರೆ. ಇದನ್ನು ನಂಬಿ ಹಣ ಕಳೆಯಬೇಕಾಗಿಲ್ಲ. ಶೋಧಕವು ಅಳೆಯುವುದು ತನ್ನ ಸುರುಳಿಯ ಆವೃತ್ತಿಯನ್ನೇ ಹೊರತು ಹೊರಗಿನ ಕಾಂತದ ಬಲವನ್ನಲ್ಲ. ನಿಂತ ವಾಹನದಲ್ಲಿ ಕದಲದೆ ಇರುವ ಶಾಶ್ವತ ಕಾಂತವು ಸುಳಿ ವಿದ್ಯುತ್ತಿಗೆ ಏನನ್ನೂ ಸೇರಿಸಲಾರದು.

ಸವಾರನ ಉಪಾಯಗಳಿಗೆ ಮಿತಿಯುಂಟು. ನಿಜವಾದ ಪರಿಹಾರವು ದೀಪವನ್ನು ನಿಲ್ಲಿಸಿದವರ ಕೈಯಲ್ಲಿದೆ. ಶೋಧಕದ ಸೂಕ್ಷ್ಮತೆಯನ್ನು ಹೆಚ್ಚಿಸಬಹುದು; ಆದರೆ ಅತಿಯಾಗಿ ಹೆಚ್ಚಿಸಿದರೆ ಪಕ್ಕದ ಸಾಲಿನಲ್ಲಿ ಹೋಗುವ ಕಾರೂ ಲೆಕ್ಕಕ್ಕೆ ಬಂದು, ಯಾರೂ ಇಲ್ಲದ ದಾರಿಗೆ ಹಸಿರು ದೀಪ ಹತ್ತೀತು. ಸುರುಳಿಯ ಆಕಾರವನ್ನು ಬದಲಿಸುವುದು ಇನ್ನೂ ಉತ್ತಮವಾದ ಮಾರ್ಗ. ಎಂಟರ ಅಂಕಿಯಂತೆ ಎರಡು ಕೋಣೆಗಳಾಗಿ ತಂತಿಯನ್ನು ಸುತ್ತಿದರೆ ನಡುಗೆರೆಯಲ್ಲಿ ಕ್ಷೇತ್ರದ ಬಲ ಹೆಚ್ಚುತ್ತದೆ. ಓರೆಯಾಗಿ ಹಾಸಿದ ತಂತಿಗಳಾದರೆ ಸವಾರನು ಸಾಲಿನಲ್ಲಿ ಎಲ್ಲಿ ನಿಂತರೂ ಗುರುತಿಸಬಲ್ಲವು. ಎಲ್ಲಿ ನಿಲ್ಲಬೇಕೆಂದು ತೋರಿಸಲು ಕೆಲವೆಡೆ ರಸ್ತೆಯ ಮೇಲೆ ಸೈಕಲ್ಲಿನ ಚಿತ್ರವನ್ನು ಬರೆದಿರುತ್ತಾರೆ. ಕಂಬದ ಮೇಲಿನ ಕ್ಯಾಮೆರಾ ಮತ್ತು ರಾಡಾರುಗಳೂ ಈಗ ಬಳಕೆಯಲ್ಲಿವೆ. ಆದರೆ ಮಂಜು, ಮಳೆ, ಕತ್ತಲೆಗಳು ಕ್ಯಾಮೆರಾದ ಕಣ್ಣನ್ನು ಮಂಕಾಗಿಸುವುದುಂಟು.

ಶಾಸನ ಮಾಡುವವರೂ ಈ ವಿಷಯಕ್ಕೆ ಗಮನ ಕೊಡಬೇಕಾಯಿತು. ೨೦೦೨ರಲ್ಲಿ ಮಿನ್ನೆಸೋಟ ರಾಜ್ಯವು ಒಂದು ವಿನಾಯಿತಿಯನ್ನು ಒದಗಿಸಿತು: ದೀಪವು ತನ್ನನ್ನು ಗುರುತಿಸದೆ ಬಹಳ ಹೊತ್ತು ಬದಲಾಗದಿದ್ದರೆ, ಪೂರ್ತಿಯಾಗಿ ನಿಂತು, ಅಡ್ಡದಾರಿಯಲ್ಲಿ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು ಮುಂದೆ ಹೋದ ಸವಾರನು ನ್ಯಾಯಾಲಯದಲ್ಲಿ ಅದನ್ನೇ ತನ್ನ ಸಮರ್ಥನೆಯಾಗಿ ಹೇಳಬಹುದು. ೨೦೧೧ರಲ್ಲಿ ವರ್ಜೀನಿಯ ರಾಜ್ಯವು ಕಾಯಬೇಕಾದ ಅವಧಿಯನ್ನೂ ಗೊತ್ತುಮಾಡಿತು: ೧೨೦ ಸೆಕೆಂಡುಗಳು, ಇಲ್ಲವೆ ದೀಪದ ಎರಡು ಪೂರ್ಣ ಸುತ್ತುಗಳು. ಈ ವಿನಾಯಿತಿಗಳು ಆಯಾ ರಾಜ್ಯಗಳಿಗೆ ಮಾತ್ರ ಸೇರಿದವು. ಬೇರೆಡೆಯಲ್ಲಿ ಕೆಂಪು ದೀಪವನ್ನು ಮೀರಲು ಅವು ನೆಪವಾಗಲಾರವು. ಕ್ಯಾಲಿಫೋರ್ನಿಯದ ಕ್ರಮ ಬೇರೊಂದು ಬಗೆಯದು. ವಾಹನವನ್ನು ಗುರುತಿಸಿ ಬದಲಾಗುವ ದೀಪವನ್ನು ಹೊಸದಾಗಿ ನಿಲ್ಲಿಸುವಾಗ ಅದು ಮೋಟಾರ್ ಸೈಕಲ್ಲನ್ನೂ ಬೈಸಿಕಲ್ಲನ್ನೂ ಗುರುತಿಸುವಂತಿರಬೇಕೆಂದು ೨೦೦೭ರಲ್ಲಿ ಅಲ್ಲಿ ಕಾನೂನಾಯಿತು. ಮೊದಲಿನ ಎರಡು ರಾಜ್ಯಗಳು ಯಂತ್ರದ ತಪ್ಪಿನಿಂದ ಸವಾರನನ್ನು ಪಾರುಮಾಡಿದವು. ಮೂರನೆಯದು ಯಂತ್ರವನ್ನೇ ತಿದ್ದಲು ಹೊರಟಿತು.

ನಮ್ಮ ನಗರಗಳಲ್ಲಿ ಪರಿಸ್ಥಿತಿ ತಲೆಕೆಳಗು. ಇಲ್ಲಿ ದ್ವಿಚಕ್ರ ವಾಹನಗಳೇ ಬಹುಸಂಖ್ಯಾತ. ಅವು ಸಾಲು ಹಿಡಿದು ನಿಲ್ಲದೆ, ಸಿಕ್ಕ ಸಂದುಗಳಲ್ಲಿ ನುಸುಳಿ ಗೆರೆಯ ಬಳಿ ಗುಂಪುಗೂಡುತ್ತವೆ. ಒಂದು ಸಾಲಿಗೆ ಒಂದು ಕಾರು ಎಂದೆಣಿಸಿ ಹಾಸಿದ ಸುರುಳಿಗೆ ಈ ಗುಂಪಿನ ಲೆಕ್ಕ ಹತ್ತುವುದು ಕಷ್ಟ. ಬೆಂಗಳೂರಿನಲ್ಲಿ ೨೦೨೪ರಿಂದ ಹಲವು ವೃತ್ತಗಳಲ್ಲಿ ಅಳವಡಿಸಿದ, ದಟ್ಟಣೆಗೆ ತಕ್ಕಂತೆ ಕಾಲವನ್ನು ಹಂಚುವ ದೀಪಗಳು ಕ್ಯಾಮೆರಾಗಳನ್ನು ಅವಲಂಬಿಸಿರುವುದು ಈ ದೃಷ್ಟಿಯಿಂದ ಸಹಜವೇ ಆಗಿದೆ.

ಯಂತ್ರಕ್ಕೆ ಪಕ್ಷಪಾತವೆಂಬುದಿಲ್ಲ. ಆದರೆ ಅದಕ್ಕೆ ಮಿತಿಯನ್ನು ಗೊತ್ತುಮಾಡುವವನು ಮನುಷ್ಯ. ಅವನು ಕಾರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಮಿತಿಯನ್ನು ಗೊತ್ತುಮಾಡಿದರೆ, ನಡುರಾತ್ರಿಯ ಸವಾರನು ದೀಪದ ಕೆಳಗೆ ನಿಂತಿದ್ದರೂ ಇಲ್ಲದವನಾಗುತ್ತಾನೆ. ಎಲ್ಲರಿಗಾಗಿ ಮಾಡಿದ ಏರ್ಪಾಡು ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆಯೇ ಎಂದು ಪರೀಕ್ಷಿಸಬೇಕಾದರೆ, ಅದರ ಮುಂದೆ ನಿಲ್ಲುವವರಲ್ಲಿ ಅತ್ಯಂತ ಚಿಕ್ಕವನನ್ನು ಮೊದಲು ನಿಲ್ಲಿಸಿ ನೋಡಬೇಕು.